ಇಂಗ್ಲೆಂಡಿನಲ್ಲಿ ಬಸಿರು, ಬಾಣಂತನ: ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್ ಸೇವೆ ಬಳಸಿಕೊಳ್ಳುವುದು ಹೇಗೆ

ಊರಲ್ಲಾಗಿದ್ದರೆ ಎರಡು ಗೆರೆ ಕಂಡ ಮಾರನೇ ದಿನವೇ ಲೇಡಿ ಡಾಕ್ಟರ್ ಹತ್ತಿರ ಹೋಗಿ, ಸ್ಕ್ಯಾನ್ ಮಾಡಿಸಿ, ಮಾತ್ರೆ ಬರೆಸಿಕೊಂಡು ಬರುತ್ತೇವೆ. ಇಂಗ್ಲೆಂಡಿನಲ್ಲಿ ಜಿಪಿ ಸರ್ಜರಿಗೆ, ಅಂದರೆ ಏರಿಯಾದ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್ಕಿಗೆ, ಫೋನ್ ಮಾಡಿದರೆ ರಿಸೆಪ್ಷನಿಸ್ಟ್ ಶುಭಾಶಯ ಹೇಳಿ, ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಫಾರಂ ತುಂಬಿ ಅಂತ ಹೇಳಿ ಇಟ್ಟುಬಿಡುವುದೇ ಜಾಸ್ತಿ. ಹೊಸದಾಗಿ ಬಂದವರಿಗೆ ಗಾಬರಿ ಶುರುವಾಗುವುದೇ ಇಲ್ಲಿಂದ. ಡಾಕ್ಟರ್ ನೋಡಲೇ ಇಲ್ಲವಲ್ಲ!

ನೋಡುವುದಿಲ್ಲ. ತೊಂದರೆಯಿಲ್ಲದ ಬಸಿರನ್ನು ಇಲ್ಲಿ ಶುರುವಿನಿಂದ ಹೆರಿಗೆಯವರೆಗೂ ನೋಡಿಕೊಳ್ಳುವವರು ಮಿಡ್‌ವೈಫ್‌ಗಳೇ, ಅಂದರೆ ಬಸಿರು, ಹೆರಿಗೆಯ ಆರೈಕೆಗೆಂದೇ ತರಬೇತಿ ಪಡೆದವರು. ಸಕ್ಕರೆ, ಬಿಪಿ, ಹಿಂದಿನ ಸಿಸೇರಿಯನ್, ಅವಳಿ ಮಕ್ಕಳು, ಹೀಗೆ ಏನಾದರೂ ಇದ್ದರೆ ಮಾತ್ರ ಡಾಕ್ಟರ್ ಬರುತ್ತಾರೆ. ಕಮ್ಯೂನಿಟಿ ಮಿಡ್‌ವೈಫ್ ನಿಮ್ಮ ಏರಿಯಾದ ಜಿಪಿ ಸರ್ಜರಿ ಅಥವಾ ಫ್ಯಾಮಿಲಿ ಹಬ್‌ನಲ್ಲಿ ಸಿಗುತ್ತಾರೆ, ಹೆರಿಗೆಯಾದ ಮೇಲೆ ಮನೆಗೂ ಬರುತ್ತಾರೆ. ಅವರು ಕೈಬಿಟ್ಟ ಮೇಲೆ ಮಗುವಿನ ಬೆಳವಣಿಗೆ, ತಾಯಿಯ ಆರೋಗ್ಯ ನೋಡುವ ಹೆಲ್ತ್ ವಿಸಿಟರ್ ಬರುತ್ತಾರೆ.

ಇಬ್ಬರ ಸೇವೆಯೂ ಚೆನ್ನಾಗಿ ನಡೆಯುವುದು ನೀವು ಬಾಯಿ ಬಿಟ್ಟರೆ ಮಾತ್ರ. ನಮ್ಮ ಮನೆಗಳಲ್ಲಿ ಆಗುವುದೇ ಬೇರೆ. ಬರುವ ದಿನ ಮನೆ ಒರೆಸಿ, ಟೀ ಕೊಟ್ಟು, ಕೇಳಿದ್ದಕ್ಕೆಲ್ಲ ‘ಎಲ್ಲಾ ಚೆನ್ನಾಗಿದೆ’ ಅಂತ ಹೇಳಿ ಕಳಿಸುತ್ತೇವೆ. ಅವರು ಅದನ್ನೇ ಬರೆದುಕೊಂಡು ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಕನ್ನಡದ ವಾಟ್ಸಾಪ್ ಗ್ರೂಪಿನಲ್ಲಿ ‘ಮಗು ಹಾಲು ಕುಡೀತಿಲ್ಲ, ಏನು ಮಾಡೋದು?’ ಅಂತ ಮೆಸೇಜ್ ಬರುತ್ತದೆ. ಬೆಳಿಗ್ಗೆ ಬಂದವರನ್ನೇ ಕೇಳಬಹುದಿತ್ತು, ಅಲ್ವಾ?

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪದ್ಧತಿ ಸ್ವಲ್ಪ ಬೇರೆ.

ಮೊದಲು ಹೆಸರು ಬರೆಸಿ

ಜಿಪಿಗಾಗಿ ಕಾಯಬೇಕಾಗಿಲ್ಲ. ನಿಮಗೆ ಹತ್ತಿರದ ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯ ಮೆಟರ್ನಿಟಿ ಪುಟದಲ್ಲಿ ನೀವೇ ಹೆಸರು ಬರೆಸುವ ‘ಸೆಲ್ಫ್ ರೆಫರಲ್’ ಫಾರಂ ಇರುತ್ತದೆ. ಅದನ್ನು ತುಂಬಿದರೆ ಸಾಕು. ಸ್ಲೌ, ರೆಡಿಂಗ್, ಹ್ಯಾರೋ ಕಡೆ ಇರುವವರಿಗೆ ಸುತ್ತಮುತ್ತ ಎರಡು ಮೂರು ಆಸ್ಪತ್ರೆ ಇರುತ್ತವೆ. ಯಾವುದು ಬೇಕೋ ಆರಿಸಿಕೊಳ್ಳಬಹುದು. ಆದರೆ ರಾತ್ರಿ ಎರಡು ಗಂಟೆಗೆ ನೋವು ಬಂದರೆ ಟ್ಯಾಕ್ಸಿಯಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ಆರೇಳು ವಾರದಲ್ಲೇ ಫಾರಂ ಕಳಿಸಿ. ಮೊದಲ ಭೇಟಿ 10 ವಾರದೊಳಗೆ ಆಗಬೇಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ನಮ್ಮ ಪದ್ಧತಿ ನೆಂಟರಿಗೆ ಇರಲಿ, ಮಿಡ್‌ವೈಫ್‌ಗೆ ಬೇಡ. ಅಲ್ಲಿಯವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್, 10 ಮೈಕ್ರೋಗ್ರಾಂ ವಿಟಮಿನ್ ಡಿ ನೀವೇ ಅಂಗಡಿಯಲ್ಲಿ ಕೊಂಡು ಶುರುಮಾಡಿ. ಸಕ್ಕರೆ ಕಾಯಿಲೆಗೋ ಫಿಟ್ಸ್‌ಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಜಿಪಿ ಹತ್ತಿರ ಮಾತಾಡಲೇಬೇಕು. ಅಂಥವರಿಗೆ ಫೋಲಿಕ್ ಆ್ಯಸಿಡ್ ಪ್ರಮಾಣವೇ ಬೇರೆ.

ದುಡ್ಡಿನ ಮಾತು. ವರ್ಕ್ ವೀಸಾ, ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಚ್ಚಿನವರು ವೀಸಾ ಅರ್ಜಿಯ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಹಾಗಾಗಿ ಹೆರಿಗೆಗೆ ಬೇರೆ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದಲ್ಲಿದ್ದರೆ ಬಿಲ್ ಬರುತ್ತದೆ. ಆದರೂ ದುಡ್ಡು ಕಟ್ಟಿಲ್ಲ ಅಂತ ಬಸುರಿಯ ಆರೈಕೆ ನಿಲ್ಲಿಸುವಂತಿಲ್ಲ.

ಬುಕಿಂಗ್ ಭೇಟಿ: ಒಂದು ಗಂಟೆ ಪ್ರಶ್ನೆಗಳು

ಮೊದಲ ಭೇಟಿಗೆ ‘ಬುಕಿಂಗ್ ಅಪಾಯಿಂಟ್‌ಮೆಂಟ್’ ಅನ್ನುತ್ತಾರೆ. ರಕ್ತ ತೆಗೆಯುತ್ತಾರೆ, ಬಿಪಿ, ಎತ್ತರ, ತೂಕ ನೋಡುತ್ತಾರೆ. ಉಳಿದದ್ದೆಲ್ಲ ಪ್ರಶ್ನೆ. ಹೋಗುವ ಮೊದಲು ಊರಿಗೆ ಫೋನ್ ಮಾಡಿ ಕೆಲವು ವಿಷಯ ಕೇಳಿಟ್ಟುಕೊಳ್ಳಿ: ಎರಡೂ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಬಿಪಿ, ಥಲಸ್ಸೀಮಿಯಾ (ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆ), ಹುಟ್ಟಿನಿಂದ ಕಿವಿ ಕೇಳಿಸದವರು ಯಾರಾದರೂ ಇದ್ದಾರಾ, ನಿಮಗೆ ಹಿಂದೆ ಗರ್ಭಪಾತವಾಗಿತ್ತಾ. ಊರಲ್ಲಿ ಮಾಡಿಸಿದ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ.

ಮುಜುಗರವಾಗುವ ಪ್ರಶ್ನೆಯೂ ಬರುತ್ತದೆ. ನೀವು ಮತ್ತು ಗಂಡ ರಕ್ತ ಸಂಬಂಧಿಗಳೇ ಅಂತ ಕೇಳುತ್ತಾರೆ. ಅತ್ತೆ ಮಗನನ್ನೋ ಮಾವನ ಮಗನನ್ನೋ ಮದುವೆಯಾದವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಾಚಿಕೊಂಡು ‘ಇಲ್ಲ’ ಅನ್ನಬೇಡಿ. ಕೇಳುವುದು ತಪ್ಪು ಹುಡುಕಲಿಕ್ಕಲ್ಲ, ಹೆಚ್ಚಿನ ಪರೀಕ್ಷೆ ಬೇಕಾ ಅಂತ ನೋಡಲಿಕ್ಕೆ. ಥಲಸ್ಸೀಮಿಯಾ ಪರೀಕ್ಷೆಯಲ್ಲಿ ತಾಯಿ ಕ್ಯಾರಿಯರ್ (ತನಗೆ ಕಾಯಿಲೆ ಇಲ್ಲದೆ ಮಗುವಿಗೆ ದಾಟಿಸಬಲ್ಲವರು) ಅಂತ ಬಂದರೆ ತಂದೆಯ ರಕ್ತವನ್ನೂ ಕೇಳುತ್ತಾರೆ. ಗಂಡಂದಿರು ಈ ವಾರ, ಮುಂದಿನ ವಾರ ಅಂತ ತಳ್ಳಬಾರದು. ತಡವಾದರೆ ಮುಂದಿನ ದಾರಿ ಯೋಚಿಸಲು ಸಮಯವೇ ಉಳಿಯುವುದಿಲ್ಲ.

ಒಂದಲ್ಲ ಒಂದು ಭೇಟಿಯಲ್ಲಿ ಗಂಡನನ್ನು ಹೊರಗೆ ಕೂರಿಸಿ ಮಾತಾಡುತ್ತಾರೆ. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಹೆದರಿಸುತ್ತಾರಾ ಅಂತ ಕೇಳುತ್ತಾರೆ. ನಿಮ್ಮ ಮುಖ ನೋಡಿ ಅನುಮಾನಪಟ್ಟು ಕೇಳುವುದಲ್ಲ, ಎಲ್ಲರನ್ನೂ ಕೇಳುತ್ತಾರೆ. ನಿಜವಾಗಿ ತೊಂದರೆ ಇದ್ದರೆ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಇಂಗ್ಲಿಷ್ ಸಲೀಸಾಗಿ ಬರದಿದ್ದರೆ ಫಾರಂನಲ್ಲೇ ‘ಕನ್ನಡ ಇಂಟರ್‌ಪ್ರಿಟರ್ ಬೇಕು’ ಅಂತ ಬರೆಯಿರಿ. ದುಡ್ಡಿಲ್ಲ. ಹೆಚ್ಚಾಗಿ ಫೋನಿನಲ್ಲೇ ಮಾತಾಡಿಸುತ್ತಾರೆ. ಭಾರತದವರು ಅಂದ ಕೂಡಲೇ ಹಿಂದಿ ಅಂತ ಬರೆದುಕೊಳ್ಳುವುದುಂಟು, ಕನ್ನಡ ಅಂತ ಇನ್ನೊಮ್ಮೆ ಒತ್ತಿ ಹೇಳಿ. ಗಂಡನೇ ತರ್ಜುಮೆ ಮಾಡಲಿ ಅನ್ನುವುದನ್ನು ಅವರೂ ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ.

ನಡುವಿನ ತಿಂಗಳುಗಳು

ಮೊದಲ ಮಗುವಾದರೆ ತೊಂದರೆಯಿಲ್ಲದ ಬಸಿರಿಗೆ ಸುಮಾರು 10 ಭೇಟಿ, ಎರಡನೆಯದಾದರೆ 7. ಸ್ಕ್ಯಾನ್ ಸಾಮಾನ್ಯವಾಗಿ ಎರಡೇ: 11ರಿಂದ 14 ವಾರದ ನಡುವೆ ಒಂದು, 20ನೇ ವಾರದ ಹೊತ್ತಿಗೆ ಇನ್ನೊಂದು. ಪ್ರತಿ ತಿಂಗಳು ಸ್ಕ್ಯಾನ್ ನೋಡಿ ಅಭ್ಯಾಸವಿರುವ ನಮ್ಮ ಅಮ್ಮಂದಿರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ. ಮಿಡ್‌ವೈಫ್ ಟೇಪ್ ಹಿಡಿದು ಹೊಟ್ಟೆ ಅಳೆಯುತ್ತಾರೆ. ಆ ಅಳತೆ ಚಾರ್ಟಿನ ಗೆರೆ ಬಿಟ್ಟು ಹೋದರೆ ಸ್ಕ್ಯಾನಿಗೆ ಬರೆಯುತ್ತಾರೆ.

ದಕ್ಷಿಣ ಏಷ್ಯಾದವರಿಗೆ ಬಸಿರಿನ ಸಕ್ಕರೆ ಕಾಯಿಲೆ ಜಾಸ್ತಿ. ಹಾಗಾಗಿ 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರೆ. ಯಾರೂ ಹೇಳದಿದ್ದರೆ ನೀವೇ ಕೇಳಿ. ಲಸಿಕೆ ಮೂರು: ನಾಯಿಕೆಮ್ಮಿಗೆ 16 ವಾರದ ನಂತರ, ಆರ್‌ಎಸ್‌ವಿಗೆ (ಎಳೆ ಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್) 28 ವಾರದಿಂದ, ಚಳಿಗಾಲವಾದರೆ ಫ್ಲೂ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆಗೆ ನುಂಗಬೇಡಿ. ಮೈಗೆ ಹತ್ತುವುದಿಲ್ಲ.

ಕೇಳಿ ಪಡೆಯಬೇಕಾದ ಕಾಗದ ಎರಡು. ಒಂದು ಮೆಟರ್ನಿಟಿ ಎಕ್ಸೆಂಪ್ಷನ್. ಅದಿದ್ದರೆ ಔಷಧಿಗೂ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಗೂ ದುಡ್ಡಿಲ್ಲ. ಹೆರಿಗೆಯ ಅಂದಾಜು ದಿನದಿಂದ ಇನ್ನೂ ಒಂದು ವರ್ಷ ನಡೆಯುತ್ತದೆ. ಇನ್ನೊಂದು ಮ್ಯಾಟ್ ಬಿ1, ಬಸಿರು ಮತ್ತು ಹೆರಿಗೆಯ ಅಂದಾಜು ದಿನದ ಪ್ರಮಾಣಪತ್ರ. 20 ವಾರವಾದ ಮೇಲೆ ಮಿಡ್‌ವೈಫ್ ಕೊಡುತ್ತಾರೆ. ಆಫೀಸಿನಲ್ಲಿ ಮೆಟರ್ನಿಟಿ ಪೇ ಪಡೆಯಲು ಬೇಕು.

ಯಾವಾಗ ಫೋನ್ ಮಾಡಬೇಕು

ಮಿಡ್‌ವೈಫ್ ಕೊಟ್ಟ ಹಾಳೆಯಲ್ಲಿ, ಇಲ್ಲವೇ ಆಸ್ಪತ್ರೆಯ ಆ್ಯಪಿನಲ್ಲಿ ‘ಮೆಟರ್ನಿಟಿ ಟ್ರಯಾಜ್’, ಅಂದರೆ ತುರ್ತು ಸಲಹೆಯ ನಂಬರ್ ಇರುತ್ತದೆ. 24 ಗಂಟೆಯೂ ಮಿಡ್‌ವೈಫ್ ಎತ್ತುತ್ತಾರೆ. ಗಂಡ, ಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಮಾಡಿ.

ಮಗು ಅಲ್ಲಾಡುವುದು ಕಡಿಮೆಯಾದರೆ, ಅಥವಾ ಅಲ್ಲಾಡುವ ರೀತಿ ಬದಲಾದರೆ, ಆಗಲೇ ಮಾಡಿ. ತಣ್ಣಗಿನ ಜ್ಯೂಸ್ ಕುಡಿದು ನೋಡೋಣ, ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿ ಡಾಪ್ಲರ್ (ಮಗುವಿನ ಎದೆಬಡಿತ ಕೇಳಿಸುವ ಸಣ್ಣ ಉಪಕರಣ) ಇಟ್ಟುಕೊಂಡು ಎದೆಬಡಿತ ಕೇಳಿತು ಅಂತ ಸುಮ್ನೆ ಕೂರಬೇಡಿ. ನಿಮಗೆ ಕೇಳಿದ್ದು ನಿಮ್ಮದೇ ಬಡಿತ ಆಗಿರಬಹುದು. 24 ವಾರವಾದರೂ ಒಮ್ಮೆಯೂ ಅಲ್ಲಾಡಿದ್ದು ಗೊತ್ತಾಗದಿದ್ದರೆ ಆಗಲೂ ಹೇಳಬೇಕು.

ರಕ್ತ ಹೋದರೆ, ನೀರು ಹೋದರೆ, ತಲೆನೋವು ಬಿಡದೆ ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ, ಮುಖ, ಕೈ ಇದ್ದಕ್ಕಿದ್ದಂತೆ ಊದಿದರೂ ಹಾಗೆಯೇ. ನಮ್ಮವರು ಕಡೆಗಣಿಸುವ ಇನ್ನೊಂದು ಲಕ್ಷಣವಿದೆ. ಅಂಗೈ, ಅಂಗಾಲು ತುರಿಕೆ, ರಾತ್ರಿ ಹೊತ್ತು ಜಾಸ್ತಿ. ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಅದು ಬಸಿರಿನಲ್ಲಿ ಬರುವ, ಪಿತ್ತರಸಕ್ಕೆ ಸಂಬಂಧಿಸಿದ ಯಕೃತ್ತಿನ ತೊಂದರೆ ಇರಬಹುದು. ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು ಕಾಣುತ್ತದೆ, ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.

ಫೋನಿನಲ್ಲಿ ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ’ ಅಂತ ಶುರುಮಾಡಬೇಡಿ. ಮೊದಲು ಎಷ್ಟು ವಾರ ಅಂತ ಹೇಳಿ. ಆಮೇಲೆ ಏನಾಗುತ್ತಿದೆ, ಯಾವಾಗಿನಿಂದ. ‘ನನಗೆ 31 ವಾರ. ಮಧ್ಯಾಹ್ನದಿಂದ ಮಗು ಎಂದಿನ ಹಾಗೆ ಅಲ್ಲಾಡುತ್ತಿಲ್ಲ.’ ಇಷ್ಟು ಸಾಕು. ಗಂಡ ಮಾತಾಡುತ್ತಿದ್ದರೂ ಫೋನ್ ನಿಮಗೇ ಕೊಡಿಸುತ್ತಾರೆ. ನೀವು ಉಸಿರಾಡುವುದು, ಮಾತಾಡುವುದು ಕೇಳಿಯೂ ಅವರಿಗೆ ಅಂದಾಜು ಸಿಗುತ್ತದೆ.

ಮನೆಗೆ ಬಂದ ಮೇಲಿನ ಹತ್ತು ದಿನ

ಸಲೀಸು ಹೆರಿಗೆಯಾದರೆ ಅದೇ ದಿನವೋ ಮಾರನೇ ದಿನವೋ ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಮರುದಿನ ಕಮ್ಯೂನಿಟಿ ಮಿಡ್‌ವೈಫ್ ಮನೆಗೆ ಬರುತ್ತಾರೆ. ಎಷ್ಟು ಹೊತ್ತಿಗೆ ಅಂತ ಹೇಳುವುದಿಲ್ಲ, ದಿನವಿಡೀ ಕಾಯಬೇಕು. ನಂಬರ್ ಕಾಣಿಸದ ಕಾಲ್ ಬಂದರೆ ಎತ್ತಿ, ಹೆಚ್ಚಾಗಿ ಅವರೇ ಇರುತ್ತಾರೆ. ಫ್ಲ್ಯಾಟಿನ ಬಜರ್ ಕೆಟ್ಟಿದ್ದರೆ ಮೊದಲೇ ತಿಳಿಸಿ. ಬಾಗಿಲು ತಟ್ಟಿ, ಉತ್ತರ ಸಿಗದೆ ಹೋದರೆ ಆ ದಿನದ ಭೇಟಿ ತಪ್ಪಿದಂತೆ.

ಬಂದಾಗ ಹೊಲಿಗೆ ತೋರಿಸಲು ನಾಚಿಕೆ ಬೇಡ. ರಕ್ತ ಎಷ್ಟು ಹೋಗುತ್ತಿದೆ, ಜ್ವರ ಇದೆಯಾ, ಕಾಲಿನ ಮೀನಖಂಡ ನೋಯುತ್ತಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ, ಎಲ್ಲಾ ಹೇಳಿ. ಮಗುವಿಗೆ ಹಾಲು ಕೊಡುವುದನ್ನು ಅವರ ಎದುರಿಗೇ ಮಾಡಿ ತೋರಿಸಿ. ಇದೊಂದನ್ನು ಮಾತ್ರ ಬಿಡಬೇಡಿ. ಮಗು ಕಚ್ಚಿಕೊಳ್ಳುವ ರೀತಿ ಸ್ವಲ್ಪ ಸರಿಮಾಡಿದರೆ ಮೊಲೆತೊಟ್ಟಿನ ಬಿರುಕೂ ಮಗುವಿನ ತೂಕವೂ ಎರಡೂ ಸುಧಾರಿಸಬಹುದು.

5ನೇ ದಿನ ಮಗುವಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ಕಾರ್ಡಿಗೆ ಒತ್ತುತ್ತಾರೆ. ಅಪರೂಪದ ಕೆಲವು ಕಾಯಿಲೆಗಳನ್ನು ಮೊದಲೇ ಹಿಡಿಯುವ ಪರೀಕ್ಷೆ ಅದು. ಆ ದಿನ ತೂಕವನ್ನೂ ನೋಡುತ್ತಾರೆ. ಹುಟ್ಟಿದ ತೂಕಕ್ಕಿಂತ ಕಡಿಮೆಯಾಗಿರುವುದು ಸಹಜ, 10 ಪರ್ಸೆಂಟ್ ದಾಟಿದರೆ ಮಾತ್ರ ಯೋಚನೆ.

ಕಾಮಾಲೆ ನಮ್ಮ ಬಣ್ಣದ ಮಕ್ಕಳಲ್ಲಿ ಚರ್ಮ ನೋಡಿದರೆ ಬೇಗ ತಿಳಿಯುವುದಿಲ್ಲ. ಕಣ್ಣಿನ ಬಿಳಿ ಭಾಗ, ವಸಡು ನೋಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ, ಮಗು ಏಳದೆ ಹಾಲು ಬಿಟ್ಟರೆ, ಮಲ ಬಿಳುಚಿಕೊಂಡಿದ್ದರೆ ಕೂಡಲೇ ಫೋನ್ ಮಾಡಿ. ಎಳೆ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಅಂತ ಅಜ್ಜಿ ಹೇಳುತ್ತಾರೆ. ಬಿಸಿಲು ಇದಕ್ಕೆ ಚಿಕಿತ್ಸೆಯಲ್ಲ. ಇಲ್ಲಿ ಹಿಡಿಯಲು ಬಿಸಿಲಾದರೂ ಎಲ್ಲಿದೆ!

10 ದಿನ ಆದ ಮೇಲೆ ಮಿಡ್‌ವೈಫ್ ಸಾಮಾನ್ಯವಾಗಿ ಬಿಡುಗಡೆ ಮಾಡುತ್ತಾರೆ. ಬೇಕಿದ್ದರೆ 28 ದಿನದವರೆಗೂ ನೋಡಬಹುದು.

ಹೆಲ್ತ್ ವಿಸಿಟರ್ ಬಂದಾಗ

1862ರಲ್ಲಿ ಮ್ಯಾಂಚೆಸ್ಟರ್, ಸಾಲ್ಫರ್ಡ್‌ನ ಬಡ ಓಣಿಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಶುಚಿ, ಶಿಶುಪಾಲನೆ ಹೇಳಿಕೊಡಲು ಹೆಂಗಸರನ್ನು ನೇಮಿಸಿದಾಗ ಶುರುವಾದ ಕೆಲಸ ಇದು. ಇವತ್ತಿನ ಹೆಲ್ತ್ ವಿಸಿಟರ್ ನರ್ಸ್ ಅಥವಾ ಮಿಡ್‌ವೈಫ್ ಓದಿ, ಮೇಲೆ ಇನ್ನೊಂದು ತರಬೇತಿ ಪಡೆದವರು. 2015ರ ಅಕ್ಟೋಬರಿನಿಂದ ಈ ಸೇವೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದ್ದು. ಆಸ್ಪತ್ರೆ ಯಾವುದೇ ಇರಲಿ, ಹೆಲ್ತ್ ವಿಸಿಟರ್ ಯಾರು ಅನ್ನುವುದು ನಿಮ್ಮ ವಿಳಾಸದ ಮೇಲೆ ಹೋಗುತ್ತದೆ. ಮನೆ ಬದಲಿಸಿದರೆ ಹೊಸ ಜಿಪಿಯಲ್ಲಿ ಮಗುವಿನ ಹೆಸರು ಬರೆಸಿ, ಹೊಸ ಕೌನ್ಸಿಲ್‌ನ ಸೇವೆಗೂ ಫೋನ್ ಮಾಡಿ. ಬಾಡಿಗೆ ಮನೆ ಬದಲಿಸುವಾಗಲೇ ನಮ್ಮವರ ಮಕ್ಕಳು ಪಟ್ಟಿಯಿಂದ ಜಾರಿಹೋಗುವುದು.

ಐದು ಭೇಟಿ ಕಡ್ಡಾಯವಾಗಿ ಕೊಡಬೇಕು: ಬಸಿರಿನ 28 ವಾರದ ನಂತರ, ಹೆರಿಗೆಯಾಗಿ 10ರಿಂದ 14 ದಿನದಲ್ಲಿ, 6ರಿಂದ 8 ವಾರಕ್ಕೆ, 9ರಿಂದ 12 ತಿಂಗಳಿಗೆ, 2ರಿಂದ ಎರಡೂವರೆ ವರ್ಷಕ್ಕೆ. ಸಿಬ್ಬಂದಿ ಕೊರತೆಯಿಂದ ಕೆಲವು ಕಡೆ ಮೊದಲನೆಯದು ತಪ್ಪಿಹೋಗುತ್ತದೆ. ಮಗು ಹುಟ್ಟಿ ಎರಡು ವಾರವಾದರೂ ಯಾರೂ ಬರದಿದ್ದರೆ ಕೌನ್ಸಿಲ್ ವೆಬ್‌ಸೈಟಿನಲ್ಲಿ ‘0-19’ (ಹುಟ್ಟಿನಿಂದ 19 ವರ್ಷದವರೆಗಿನ ಮಕ್ಕಳ ಆರೋಗ್ಯ ಸೇವೆ) ಅಂತ ಹುಡುಕಿ ಫೋನ್ ಮಾಡಿ. ಹಲವು ಕಡೆ ಚಾಟ್‌ಹೆಲ್ತ್ ಅಂತ ಮೆಸೇಜ್ ಸೇವೆಯೂ ಇದೆ. ಸಣ್ಣಪುಟ್ಟ ಪ್ರಶ್ನೆಗೆ ಅದೇ ಸುಲಭ.

ಹೆಲ್ತ್ ವಿಸಿಟರ್ ಬರುವಾಗ ಮಗುವಿನ ಆರೋಗ್ಯ ದಾಖಲೆಯ ಪುಸ್ತಕ, ರೆಡ್ ಬುಕ್, ಎದುರಿಗಿಡಿ. ಮಗುವಿನ ತೂಕ, ಲಸಿಕೆ ಎಲ್ಲ ಅದರಲ್ಲೇ. ಒಂದೇ ವಯಸ್ಸಿನ ನೂರು ಮಕ್ಕಳಲ್ಲಿ ನಿಮ್ಮ ಮಗು ಎಷ್ಟನೆಯದು ಅಂತ ತೋರಿಸುವ ಸೆಂಟೈಲ್ ಚಾರ್ಟ್ ನೋಡಿ ‘9ನೇ ಸೆಂಟೈಲ್ ಮಾತ್ರ’ ಅಂತ ಅಳುವವರಿದ್ದಾರೆ. ಅದೇನು ಪರೀಕ್ಷೆಯ ಮಾರ್ಕ್ಸ್ ಅಲ್ಲ. ಸಣ್ಣ ಮಗು ಸಣ್ಣದಾಗಿಯೇ ತನ್ನ ಗೆರೆ ಹಿಡಿದು ಬೆಳೆದರೆ ಸಾಕು. ಎರಡು ಗೆರೆ ಕೆಳಗಿಳಿದರೆ ಕೇಳಿ.

ಈಗ ಇನ್ನೊಂದು ವಿಷಯ. ನಮ್ಮ ಮಕ್ಕಳಿಗೆ ಸೊಂಟದ ಕೆಳಗೆ, ಬೆನ್ನಿನ ಮೇಲೆ ಹುಟ್ಟಿನಿಂದಲೇ ನೀಲಿ ಬೂದು ಮಚ್ಚೆ ಇರುವುದು ಸಾಮಾನ್ಯ. ನೋವಿಲ್ಲ, ವರ್ಷಗಳಲ್ಲಿ ಮಾಸುತ್ತದೆ. ಆದರೆ ಗೊತ್ತಿಲ್ಲದವರ ಕಣ್ಣಿಗೆ ಪೆಟ್ಟು ಬಿದ್ದು ಕಂದಿದ ಹಾಗೆ ಕಾಣುತ್ತದೆ. ಮುಂದೆ ನರ್ಸರಿಯಲ್ಲೋ ತುರ್ತು ಚಿಕಿತ್ಸೆಯಲ್ಲೋ ಯಾರಾದರೂ ನೋಡಿ ಮಗುವಿಗೆ ಹೊಡೆದಿದ್ದಾರೆ ಅಂದುಕೊಂಡರೆ ದೊಡ್ಡ ವಿಚಾರಣೆಯೇ ಆಗಬಹುದು. ಮೊದಲ ಭೇಟಿಯಲ್ಲೇ ಡೈಪರ್ ಬಿಚ್ಚಿ ತೋರಿಸಿ, ಎಲ್ಲಿದೆ, ಎಷ್ಟು ದೊಡ್ಡದು ಅಂತ ರೆಡ್ ಬುಕ್‌ನಲ್ಲಿ ಬರೆಸಿ. ಮಣಿಕಟ್ಟಿನಲ್ಲೋ ಪಾದದಲ್ಲೋ ಒಂದು ಚುಕ್ಕೆ ಇದ್ದರೂ ಬಿಡಬೇಡಿ.

ನಿಮ್ಮ ಮನಸ್ಸಿನ ಬಗ್ಗೆಯೂ ಕೇಳುತ್ತಾರೆ. ಕಳೆದ ತಿಂಗಳು ಬೇಸರ, ನಿರಾಸೆ ಕಾಡಿತ್ತಾ, ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗಾಗಿತ್ತಾ ಅಂತ. ನಿಜ ಹೇಳಿದರೆ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಭಯ ನಮ್ಮಲ್ಲಿ ಬೇರೂರಿದೆ. ಮಗುವಿಗೆ ಅಪಾಯ ಕಂಡರೆ ಮೇಲಿನವರಿಗೆ ತಿಳಿಸುವ ಹೊಣೆ ಅವರಿಗೆ ಇದೆ, ಅದು ನಿಜ. ಆದರೆ ಅಳು ಬರುತ್ತದೆ, ನಿದ್ದೆಯಿಲ್ಲ, ಮಗು ಅಂದರೆ ಏನೂ ಅನಿಸುತ್ತಿಲ್ಲ ಅಂತ ಹೇಳಿಕೊಂಡ ಮಾತ್ರಕ್ಕೆ ಹಾಗಾಗುವುದಿಲ್ಲ. ಚಿಕಿತ್ಸೆ ಸಿಗುತ್ತದೆ. ಹೆರಿಗೆಯಾದವರು ಇಲ್ಲದ್ದನ್ನು ಕಂಡಂತೆ, ಕೇಳಿದಂತೆ ಮಾತಾಡಲು ಶುರುಮಾಡಿದರೆ ಅದು ತುರ್ತು. ಮನೆಯವರು ಅವತ್ತೇ 111ಕ್ಕೋ (ಎನ್‌ಎಚ್‌ಎಸ್ ಸಹಾಯವಾಣಿ) 999ಕ್ಕೋ (ಆ್ಯಂಬುಲೆನ್ಸ್) ಫೋನ್ ಮಾಡಬೇಕು.

ಊರಿಂದ ಅಮ್ಮ ಬಂದಿದ್ದಾರೆ

ಬಾಣಂತನಕ್ಕೆ ಅಮ್ಮ ಬಂದರೆ ಅರ್ಧ ಕಷ್ಟ ಕಳೆಯಿತು. ಬಿಸಿನೀರು, ಸಾರನ್ನ, ಮೆಂತ್ಯದುಂಡೆ, ಎಣ್ಣೆ ನೀವುವುದು, ಇದ್ಯಾವುದಕ್ಕೂ ಹೆಲ್ತ್ ವಿಸಿಟರ್ ಅಡ್ಡ ಬರುವುದಿಲ್ಲ. ಅಡ್ಡ ಬರುವ ಕೆಲವಿದೆ. ಅಮ್ಮ ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಮಾತಾಡಿಕೊಂಡರೆ ಜಗಳ ತಪ್ಪುತ್ತದೆ.

ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಹೊಲಿದು ತರುತ್ತಾರೆ. ಒಂದು ವರ್ಷದವರೆಗೆ ತೊಟ್ಟಿಲಲ್ಲಿ ದಿಂಬೇ ಬೇಡ. ಮಗುವನ್ನು ಅಂಗಾತ, ಏನೂ ಇಲ್ಲದ ಸಮತಟ್ಟಾದ ಹಾಸಿಗೆಯಲ್ಲಿ, ಆರು ತಿಂಗಳವರೆಗೆ ನಿಮ್ಮ ಕೋಣೆಯಲ್ಲೇ ಮಲಗಿಸಬೇಕು. ಶೀತ ಅಂತ ಟೋಪಿ, ಸ್ವೆಟರ್, ಎರಡು ರಗ್ಗು ಹೊದಿಸಿ ಹೀಟರ್ ಜೋರು ಮಾಡುತ್ತಾರೆ. ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಾಕು, ಮನೆಯೊಳಗೆ ಟೋಪಿ ತೆಗೆಯಿರಿ. ಮೈ ಬಿಸಿಯೇರುವುದು ಎಳೆ ಮಗುವಿಗೆ ಅಪಾಯ.

ಜೇನು ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ನೆಕ್ಕಿಸಲೂ ಬಾರದು. ಬಜೆ ತೇಯ್ದು ಕೊಡುವಾಗ ಜೇನು ಬೆರೆಸುವವರು ನೆನಪಿಡಿ. ಆ ಬಜೆಯ ವಿಷಯವನ್ನೂ ಹೆಲ್ತ್ ವಿಸಿಟರ್ ಹತ್ತಿರ ಮುಚ್ಚಿಡದೆ ಕೇಳಿ. ಕಾಡಿಗೆಯಲ್ಲಿ ಸೀಸ ಇರುವುದುಂಟು, ಕಣ್ಣಿಗೆ ಹಚ್ಚಬೇಡಿ. ಮೂಗು, ಕಿವಿಗೆ ಎಣ್ಣೆ ಬಿಡಬೇಡಿ. ಸಾಂಬ್ರಾಣಿ ಹೊಗೆ ಮಗುವಿನ ಶ್ವಾಸಕ್ಕೆ ಒಳ್ಳೆಯದಲ್ಲ. ಮೇಲಾಗಿ ಇಲ್ಲಿಯ ಸ್ಮೋಕ್ ಅಲಾರಂ ಹೊಡೆದುಕೊಂಡರೆ ಇಡೀ ಅಪಾರ್ಟ್‌ಮೆಂಟ್ ಕೆಳಗಿಳಿಯುತ್ತದೆ.

ಆರು ತಿಂಗಳಿಗೆ ರಾಗಿ ಸರಿ ಶುರುಮಾಡುವುದಾದರೆ ಧಾರಾಳವಾಗಿ ಮಾಡಿ. ಹೆಲ್ತ್ ವಿಸಿಟರ್‌ಗೆ ರಾಗಿ ಗೊತ್ತಿಲ್ಲದಿರಬಹುದು, ‘ಫಿಂಗರ್ ಮಿಲ್ಲೆಟ್’ ಅಂದರೆ ತಿಳಿಯುತ್ತದೆ. ಉಪ್ಪು, ಸಕ್ಕರೆ, ಬೆಲ್ಲ ಹಾಕಬೇಡಿ. ಎದೆಹಾಲು ಕುಡಿಯುವ ಮಗುವಿಗೆ ಹುಟ್ಟಿನಿಂದಲೇ ದಿನವೂ ವಿಟಮಿನ್ ಡಿ ಹನಿ ಬೇಕು.

ಲಸಿಕೆ, ಊರಿನ ಪ್ರಯಾಣ

ಹುಟ್ಟಿದ 42 ದಿನದೊಳಗೆ ಜನನ ನೋಂದಣಿ ಮಾಡಿಸಿ, ಜಿಪಿಯಲ್ಲಿ ಹೆಸರು ಸೇರಿಸಿ. ಲಸಿಕೆ ಶುರುವಾಗುವುದು 8 ವಾರಕ್ಕೆ, ಆಮೇಲೆ 12, 16. ಭಾರತದಲ್ಲಿ 6, 10, 14 ವಾರ. ಎರಡೂ ಕಡೆ ಸ್ವಲ್ಪ ಸ್ವಲ್ಪ ಹಾಕಿಸಿದರೆ ಲೆಕ್ಕ ಕಲಸಿಹೋಗುತ್ತದೆ. ಊರಲ್ಲಿ ಹಾಕಿಸಿದ್ದನ್ನು ದಿನಾಂಕ, ಲಸಿಕೆಯ ಹೆಸರು ಸಮೇತ ರೆಡ್ ಬುಕ್‌ನಲ್ಲಿ ಬರೆಸಿಕೊಂಡು ಬನ್ನಿ.

ಕ್ಷಯದ ಲಸಿಕೆ ಬಿಸಿಜಿ ಇಲ್ಲಿ ಎಲ್ಲ ಮಕ್ಕಳಿಗೂ ಕೊಡುವುದಿಲ್ಲ. ಆದರೆ ಅಪ್ಪ, ಅಮ್ಮ ಅಥವಾ ಅಜ್ಜ, ಅಜ್ಜಿ ಭಾರತದಲ್ಲಿ ಹುಟ್ಟಿದವರಾದರೆ ಮಗುವಿಗೆ ಸಿಗುತ್ತದೆ, ಸಾಮಾನ್ಯವಾಗಿ 28 ದಿನದ ಹೊತ್ತಿಗೆ. ಪತ್ರ ಬರದಿದ್ದರೆ ಮಿಡ್‌ವೈಫ್ ಅಥವಾ ಹೆಲ್ತ್ ವಿಸಿಟರ್ ಹತ್ತಿರ ಕೇಳಿ. ಊರಿಗೆ ಹೋಗುವ ಮೊದಲೇ ಮುಗಿಸಿ. ಮೂರು ತಿಂಗಳಿಗಿಂತ ಜಾಸ್ತಿ ಊರಲ್ಲಿದ್ದರೆ ಜಿಪಿ ಪಟ್ಟಿಯಿಂದ ಹೆಸರು ತೆಗೆಯಬಹುದು, ಬಂದ ಮೇಲೆ ಮತ್ತೆ ಬರೆಸಬೇಕಾಗುತ್ತದೆ.

ಎರಡು ವರ್ಷದ ಫಾರಂ

ಕೊನೆಯ ಭೇಟಿಗೆ ಮೊದಲು ಮನೆಗೆ ಒಂದು ಪ್ರಶ್ನಾವಳಿ ಬರುತ್ತದೆ. ಮಗು ಎಷ್ಟು ಮಾತಾಡುತ್ತದೆ, ಬ್ಲಾಕ್ ಜೋಡಿಸುತ್ತದೆಯಾ, ಚೆಂಡು ಒದೆಯುತ್ತದೆಯಾ ಅಂತೆಲ್ಲ. ಸುಮ್ನೆ ಕೂತು ಅಂದಾಜಿನಲ್ಲಿ ತುಂಬಬೇಡಿ, ಮಗುವಿನ ಹತ್ತಿರ ಮಾಡಿಸಿ ನೋಡಿ. ಮಾತಿನ ಪ್ರಶ್ನೆಯಲ್ಲಿ ಕನ್ನಡದ ಮಾತೂ ಲೆಕ್ಕಕ್ಕೆ ಬರುತ್ತದೆ. ‘ನೀರು’, ‘ಬಾ’, ‘ಬೇಡ’, ‘ಅಜ್ಜಿ’ ಎಲ್ಲಾ ಎಣಿಸಿ. ಇಂಗ್ಲಿಷ್ ಶಬ್ದ ನಾಲ್ಕೇ ಬರುತ್ತವೆ ಅಂತ ಬರೆದುಕೊಟ್ಟರೆ ಮಗು ಹಿಂದುಳಿದಂತೆ ಕಾಣುತ್ತದೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಎರಡು ಭಾಷೆಯಿಂದ ಮಾತು ಕೆಡುವುದಿಲ್ಲ. ಎರಡೂ ಸೇರಿಸಿಯೂ ಮಾತು ಕಡಿಮೆ ಅನಿಸಿದರೆ ಕಿವಿ ಪರೀಕ್ಷೆಗೂ ಸ್ಪೀಚ್ ಥೆರಪಿಗೂ ಅವತ್ತೇ ಹೆಸರು ಬರೆಸಿ. ಕಾಯುವ ಸಾಲು ಉದ್ದ ಇರುತ್ತದೆ.

ಚಮಚ ಹಿಡಿದು ತಿನ್ನುವ ಬಗ್ಗೆಯೂ ಕೇಳಬಹುದು. ಕೈಯಲ್ಲಿ ತಿನ್ನುವ, ಇಲ್ಲವೇ ಅಜ್ಜಿ ತುತ್ತು ಮಾಡಿ ತಿನ್ನಿಸುವ ಮಗುವಿಗೆ ಚಮಚವೇ ಹೊಸತು. ಫಾರಂ ತುಂಬುವ ಮೊದಲು ಒಂದು ವಾರ ಮೊಸರನ್ನದ ಬಟ್ಟಲಿಗೆ ಚಮಚ ಇಟ್ಟು ಕೊಡಿ, ನೆಲ ಹೊಲಸಾದರೆ ಆಗಲಿ.